ಮೀನೂಟದ ಪೋಸ್ಟರಿನ ಅಡಿಯಲ್ಲಿ

ಮೇಕನ್, ಜಾರ್ಜಿಯಾ
ಮಂಗಳವಾರ

ಪಾಸ್ಟರ್ ಬ್ರಾಡ್‌ನ್ಯಾಕ್ಸ್ ಅವರಿಗೆ, ವರ್ಲೀನ್ ಟಬ್ಸ್ ಮಾಡುವ ವಂದನೆ.

ನಮ್ಮ ಕಪ್ಪು ಮಕ್ಕಳಿಗೆಂದು ಯಾವ ವಿದ್ಯಾರ್ಥಿವೇತನವೂ ಇಲ್ಲ ಎಂದು ಶಾಲೆಯವರು ಕೈ ತೊಳೆದುಕೊಳ್ಳುತ್ತಾರೆ. ಬೇಕಾದಷ್ಟಿವೆ. ಗ್ರಂಥಾಲಯದಲ್ಲಿ ಕೂತು ಹುಡುಕಿ, ಚರ್ಚಿನ ಫಲಕಕ್ಕೆ ಹಚ್ಚುವವಳು ನಾನು. ನಾನು ಮಂಡಿಯ ಆಪರೇಷನ್ನಿಗೆ ಹೋದ ಹೊತ್ತಿನಲ್ಲಿ ಅದರ ಮೇಲೆಯೇ, ಚರ್ಚಿನ ಛಾವಣಿಗೆ ಹಣ ಕೂಡಿಸುವ ಮೀನೂಟದ ಪೋಸ್ಟರ್ ಹಚ್ಚಿದವರು ನೀವು.

ಭಾನುವಾರ ಪೋಸ್ಟರ್ ತೆಗೆದಾಗ ನನ್ನ ಮೊಮ್ಮಗಳು ಡೆಲ್ಫೀನ್ ಅಡಿಯಲ್ಲಿದ್ದ ವಿದ್ಯಾರ್ಥಿವೇತನದ ಪ್ರಕಟಣೆಯನ್ನು ಓದಿದಳು. ಸೇತುವೆ ಕಟ್ಟುವ ಎಂಜಿನಿಯರ್ ಆಗಬೇಕೆನ್ನುವ ಹುಡುಗಿ, ಅವಳಿಗೆಂದೇ ಬರೆದಂತಿತ್ತು.

"ಅಜ್ಜಿ, ಇದರ ಕೊನೇ ದಿನ ಶುಕ್ರವಾರವೇ ಮುಗಿದುಹೋಯ್ತಲ್ಲ" ಎಂದಳು. ಆಮೇಲೆ ನನ್ನ ಮುಖ ನೋಡಿ, "ಹೋಗ್ಲಿ ಬಿಡಿ, ಮೀನಂತೂ ಚೆನ್ನಾಗಿತ್ತು" ಎಂದು ನನಗೇ ಸಮಾಧಾನ ಹೇಳಿದಳು. ಅತ್ತುಬಿಟ್ಟಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ನಿಮಗೆ ಹೇಳಿದರೆ, "ಬೇಜಾರ್ ಮಾಡ್ಕೋಬೇಡಿ ಸಿಸ್ಟರ್, ದೇವರು ಒಂದು ಬಾಗಿಲು ಮುಚ್ಚಿದ್ರೆ ಇನ್ನೊಂದು ತೆಗೀತಾನೆ" ಎಂದಿರಿ. ಈ ಬಾಗಿಲು ಮುಚ್ಚಿದ್ದು ದೇವರಲ್ಲ. ನಾಲ್ಕು ಪಿನ್ನು ಚುಚ್ಚಿ ನೀವೇ ಮುಚ್ಚಿದ್ದು.

ಫಲಕ ಕಾಣುತ್ತಿಲ್ಲವೆಂದು ಹುಡುಕಬೇಡಿ. ಓಪಲ್‌ಳ ಪಾರ್ಲರಿನಲ್ಲಿ ತೂಗುಹಾಕಿಸಿದ್ದೇನೆ. ತಲೆ ತುಂಬ ಸಣ್ಣ ಸಣ್ಣ ಜಡೆ ಹೆಣೆಸಿಕೊಳ್ಳಲು ಕೂತವರು ಅರ್ಧ ದಿನ ಏಳುವಂತಿಲ್ಲ. ಓದದೆ ಏನು ಮಾಡಿಯಾರು?

ಡೆಲ್ಫೀನ್‌ಗೆ ಇನ್ನೊಂದು ಅವಕಾಶ ಹುಡುಕಿದ್ದೇನೆ. ಅದಕ್ಕೆ ನಿಮ್ಮ ಶಿಫಾರಸು ಪತ್ರ ಗುರುವಾರದೊಳಗೆ ಬೇಕು. ಅದರಲ್ಲಿ ಹುಡುಗಿಯ ಬಗ್ಗೆ ಬರೆಯಿರಿ, ಚರ್ಚಿನ ಹೊಸ ಛಾವಣಿಯ ಬಗ್ಗೆ ಅಲ್ಲ. ಪತ್ರವನ್ನು ಅವಳ ಕೈಗೇ ಕೊಡಿ. ಕೊಡುವಾಗ ಕ್ಷಮೆ ಕೇಳಿ; ಮಧ್ಯೆ ದೇವರನ್ನು ತರಬೇಡಿ.

ಸಂಡೇ ಸ್ಕೂಲಿನಲ್ಲಿ ನಿಮಗೆ ಓದು ಕಲಿಸಿದ,
ವರ್ಲೀನ್ ಟಬ್ಸ್