ಗಾಜಿನ ಪೆಟ್ಟಿಗೆಯೊಳಗಿನ ಸೀಟು

ಮಾರ್ಚ್ ೯, ಭಾನುವಾರ

ಮಹಾಜನಗಳೇ, ಕೇಳಿ! ಯಾರೂ ಇಲ್ಲದಿದ್ದರೂ ಕೇಳಿ! ನಲವತ್ತು ವರ್ಷ ಸಂಬಳವಿಲ್ಲದೆ ಸಮುದ್ರದಲ್ಲಿ ಕಯಾಕ್ ದೋಣಿ ಹುಟ್ಟುಹಾಕಲು ಕಲಿಸಿದ್ದಕ್ಕೆ ಕ್ಲಬ್ಬಿನವರು ಇಂದು ನನಗೆ ಫಲಕ ಕೊಟ್ಟು ಸನ್ಮಾನ ಮಾಡಿದರು. ಕಾಲಲ್ಲಿ ಬಲವಿಲ್ಲದವರಿಗೆಂದು ನಾನು ಕೈಯಾರೆ ಮಾಡಿದ ದೋಣಿಯ ಸೀಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸ್ಕ್ರೂ ಬಿಗಿದರು. ಇರುವುದೇ ಅದೊಂದು!

"ನಾಳೆ ದರ್ಜಿಯಮ್ಮ ಮೊದಲ ಸಲ ಸಮುದ್ರಕ್ಕಿಳೀತಾಳೆ, ಕೂರೋದು ಯಾವುದರ ಮೇಲೆ?" ಎಂದೆ.

"ಅದೀಗ ಪರಂಪರೆ ಸಾರ್, ನೀರು ತಾಕಿಸಬಾರದು," ಎಂದ ಅಧ್ಯಕ್ಷ. ಅಲೆ ಕಂಡರೆ ಪ್ಯಾಂಟು ಮಡಚಿಕೊಂಡು ಓಡುವ ಮಹಾಶೂರ!

ಗಾಲಿಕುರ್ಚಿಯಲ್ಲಿದ್ದ ನನ್ನ ಹೊಸ ಶಿಷ್ಯೆ ದರ್ಜಿಯಮ್ಮ, "ಹಾಗಾದ್ರೆ ನನ್ನನ್ನೂ ಆ ಪೆಟ್ಟಿಗೇಲೇ ಕೂರಿಸಿಬಿಡಿ ಅಣ್ಣಾ," ಎಂದಳು. ಸಭೆಯೆಲ್ಲ ನಕ್ಕಿತು. ಅವಳ ಕಣ್ಣು ಮಾತ್ರ ಸೀಟಿನ ಮೇಲೇ ಇತ್ತು.

ಥೂ, ಇವರ ಮರ್ಯಾದೆಗಿಷ್ಟು! ಬೆಳಗಾಗಲಿ. ಅಧ್ಯಕ್ಷ ಹಲ್ಲುಜ್ಜುವ ಮೊದಲೇ ಸ್ಕ್ರೂಡ್ರೈವರ್ ಹಿಡಿದು ರಂಗಪ್ರವೇಶ ಮಾಡುತ್ತೇನೆ. ಸೀಟು ದರ್ಜಿಯಮ್ಮನೊಡನೆ ಸಮುದ್ರಕ್ಕೆ ಹೋಗುತ್ತದೆ. ಖಾಲಿ ಪೆಟ್ಟಿಗೆಯಲ್ಲಿ ಅವರ ಸನ್ಮಾನದ ಫಲಕ ಇಟ್ಟು ಬರುತ್ತೇನೆ. ಅದಕ್ಕಂತೂ ನೀರು ತಾಕುವ ಭಯವಿಲ್ಲ.