ಅಲೈಡಾ ಹೆಸರಿನ ಕಣಜ

9 ಸೆಪ್ಟೆಂಬರ್ 1958, ಮಂಗಳವಾರ

ಮಾದರಿ ಹುಳುಗಳ ಮೂವತ್ತೊಂದನೆಯ ಪೆಟ್ಟಿಗೆ ಮುಗಿಯಿತು. ಇನ್ನು ಹನ್ನೆರಡು. ಸ್ಕೋಲಿಯಾ ಎಂಬ ಕಣಜದ ಹುಳುಗಳ ಪುಸ್ತಕ ಮುಂದಿನ ಬೇಸಿಗೆಗೆ ಅಚ್ಚಿಗೆ ಹೋಗಬೇಕು. ಪ್ರೊಫೆಸರ್ ವೀರ್ಸ್ಮಾ ಹೆಸರು, ಅದರ ಕೆಳಗೆ ನನ್ನದು. ಅವರು ನಿವೃತ್ತರಾಗಿ ಆರು ವರ್ಷವಾದರೂ ಒಂಬತ್ತಕ್ಕೆ ಸರಿಯಾಗಿ ಮ್ಯೂಸಿಯಂಗೆ ಬಂದು ಕಿಟಕಿ ಪಕ್ಕದ ಮೇಜು ಹಿಡಿಯುತ್ತಾರೆ.

ಸಾರ್ಡೀನಿಯಾದಿಂದ ಟಪಾಲು. ಅಲ್ಲಿನ ಶಾಲೆ ಮೇಷ್ಟ್ರು ಎಫಿಸಿಯೋ ತಂಬಾಕಿನ ಡಬ್ಬಿಯಲ್ಲಿ ಹತ್ತಿ ಹಾಸಿ ಕಳಿಸಿದ್ದಾರೆ. ಎರಡು ಕಣಜ, ಕೂಡಿಕೊಂಡೇ ಸತ್ತಿವೆ. ಹೆಣ್ಣು ದಪ್ಪ, ಬೆನ್ನ ಮೇಲೆ ನಾಲ್ಕು ಹಳದಿ ಚುಕ್ಕೆ — ಸ್ಕೋಲಿಯಾ ಅಲೈಡೇ. 1928ರಲ್ಲಿ ಪ್ರೊಫೆಸರ್ ತಮ್ಮ ಹೆಂಡತಿ ಅಲೈಡಾ ಹೆಸರಿಟ್ಟ ಪ್ರಭೇದ. ಗಂಡು ಸಣಕಲು, ಕಪ್ಪು, ಉದ್ದ ಮೀಸೆ — ಸ್ಕೋಲಿಯಾ ಪಿಗ್ರಾ. 1874ರಲ್ಲಿ ಯಾರೋ ಜರ್ಮನ್ ಇಟ್ಟ ಹೆಸರು.

ಬೇರೆ ಬೇರೆ ಎಂದುಕೊಂಡಿದ್ದವು ಗಂಡ-ಹೆಂಡತಿ! ಹಾಗಿದ್ದರೆ ಹಳೆಯ ಹೆಸರೇ ಉಳಿಯಬೇಕು, ಹೊಸದು ಹೋಗಬೇಕು. ಅದೇ ನಿಯಮ.

ಕಾಫಿ ಆರಿಹೋಯಿತು.

10 ಸೆಪ್ಟೆಂಬರ್

ಪ್ರೊಫೆಸರ್‌ಗೆ ಹೇಳಿದೆ. ಬಹಳ ಹೊತ್ತು ಮಸೂರ ಹಿಡಿದು ನೋಡಿದರು.

“ಗೇಸೀನಾ, ಈ ಗಂಡುಗಳ ಬುದ್ಧಿ ನಿಮಗೆ ಗೊತ್ತಿಲ್ವಾ? ಆರ್ಕಿಡ್ ಹೂವನ್ನೇ ಹೆಣ್ಣು ಅಂತ ತಬ್ಬಿಕೊಳ್ಳೋ ಜಾತಿ. ಒಂದು ಜೋಡಿ ಸಿಕ್ಕಿಬಿಟ್ರೆ ಮದುವೆ ಆಯ್ತು ಅಂತಾನಾ?”

“ಒಂದು ಸಾಲದು, ಒಪ್ಪಿದೆ. ಇನ್ನಷ್ಟು ಸಾಕ್ಷಿ ತಂದ್ರೆ?”

“ತನ್ನಿ, ನೋಡೋಣ.” ಡಬ್ಬಿ ಮುಚ್ಚಿ ನನ್ನ ಕಡೆ ತಳ್ಳಿದರು.

ತರುತ್ತೇನೆ.

27 ಸೆಪ್ಟೆಂಬರ್

ಎಲ್ಲ ಪೆಟ್ಟಿಗೆ ತೆಗೆದು ಚೀಟಿ ಓದಿದೆ. ಅಲೈಡೇ 64 — ಒಂದೂ ಗಂಡಲ್ಲ. ಪಿಗ್ರಾ 41 — ಒಂದೂ ಹೆಣ್ಣಲ್ಲ. ಎರಡೂ ಸಿಕ್ಕಿದ್ದು ಅವೇ ಊರುಗಳಲ್ಲಿ. ರೆಕ್ಕೆಯ ನರಗಳೂ ಒಂದೇ. “ಕಾಕತಾಳೀಯ” ಅಂದರು ಪ್ರೊಫೆಸರ್, ತಲೆಯೆತ್ತದೆ.

ಎಫಿಸಿಯೋಗೆ ಕಾಗದ ಬರೆದೆ. ಜೋಡಿ ಸಿಕ್ಕ ಮರಳುದಿಣ್ಣೆಯನ್ನೇ ಅಗೆಯಿರಿ. ಗೊಣ್ಣೆಹುಳು ತಿಂದು ಬೆಳೆದ ಮರಿಗಳು ಅಲ್ಲೇ ಗೂಡು ಕಟ್ಟಿರುತ್ತವೆ. ಗೂಡುಗಳನ್ನು ತೆಗೆದಿಟ್ಟು, ಬೇಸಿಗೆಯಲ್ಲಿ ಏನು ಹೊರಬರುತ್ತದೋ ಕಳಿಸಿ.

11 ಜೂನ್ 1959

ಇಷ್ಟು ತಿಂಗಳು ಬರೆಯುವಂಥದ್ದೇನೂ ಇರಲಿಲ್ಲ. ಕಾದೆ, ಅಷ್ಟೆ.

ಇಂದು ಪಾರ್ಸೆಲ್ ಬಂತು. ಇಪ್ಪತ್ತಮೂರು ಗೂಡು. ಹನ್ನೆರಡರಲ್ಲಿ ಹೆಣ್ಣು, ಎಲ್ಲವೂ ಅಲೈಡೇ. ಒಂಬತ್ತರಲ್ಲಿ ಗಂಡು, ಎಲ್ಲವೂ ಪಿಗ್ರಾ. ಎರಡು ಒಡೆದಿಲ್ಲ. ಬೇರೆ ಯಾವ ಕಣಜವೂ ಇಲ್ಲ.

ಪ್ರೊಫೆಸರ್ ಎಣಿಸಿದರು. ಎರಡು ಸಲ.

“ಪುಸ್ತಕ ಹೊರಗೆ ಬರಲಿ. ನಾನು ಸತ್ತ ಮೇಲೆ ಏನಾದ್ರೂ ಮಾಡ್ಕೊಳ್ಳಿ.”

“ತಪ್ಪು ಅಂತ ಗೊತ್ತಿದ್ದೂ ನನ್ನ ಹೆಸರು ಹಾಕೋಕೆ ಆಗಲ್ಲ, ಪ್ರೊಫೆಸರ್.”

“ಹಾಗಾದ್ರೆ ತೆಗೆದುಬಿಡಿ ನಿಮ್ಮ ಹೆಸರು!”

ಹದಿನಾರು ವರ್ಷದಲ್ಲಿ ಮೊದಲ ಸಲ ಕೂಗಿದರು. ಆದರೂ ಸಂಜೆವರೆಗೆ ಕೂತು, ಇವೆರಡೂ ಒಂದೇ ಎಂದು ಲೇಖನ ಬರೆದೆ. ನಾಲ್ಕು ಪುಟ.

14 ಜೂನ್, ಭಾನುವಾರ

ಅಲೈಡಾ ಫೋನ್ ಮಾಡಿ ಕಾಫಿಗೆ ಕರೆದರು. ಹೋದೆ. ಪ್ರೊಫೆಸರ್ ಪೇಪರ್ ಹಿಂದೆ.

“ಮೂರು ದಿನದಿಂದ ಇವನ ಗಂಟಲಲ್ಲಿ ಅನ್ನ ಇಳೀತಿಲ್ಲ. ನೀನಾದ್ರೂ ಹೇಳೇ, ಏನಾಯ್ತು?”

ಹೇಳಿಬಿಟ್ಟೆ. ಮುಚ್ಚಿಟ್ಟು ಏನು ಪ್ರಯೋಜನ?

“ಪಿಗ್ರಾ ಅಂದ್ರೆ?”

“ಸೋಮಾರಿ.”

“ಮೂವತ್ತು ವರ್ಷ ನಿನ್ನ ಸಾಕ್ಸ್ ಹೊಲಿದಿದ್ದಕ್ಕೆ ಈ ಬಿರುದಾ, ಸೀಬ್ರೆನ್?” ನಕ್ಕರು. ಪೇಪರ್ ಅಲುಗಲಿಲ್ಲ. ಅಲೈಡಾ ಕಪ್ ಕೆಳಗಿಟ್ಟರು. “ಇಪ್ಪತ್ತೇಳರಲ್ಲಿ ಹುಳ ಹಿಡಿಯೋಕೆ ಹೋದಾಗ, ಆ ದಿಣ್ಣೆ ಮೇಲೆ ಅವತ್ತೇ ಹೇಳಿದ್ದೆ ನಿನಗೆ. ಆ ಕರೀ ಸಣಕಲು ಇವಳ ಗಂಡ ಅಂತ. ಕೂಡಿದ್ದನ್ನ ಕಣ್ಣಾರೆ ಕಂಡಿದ್ದೆ.”

“ನೀನು ಬಲೆ ಹಿಡ್ಕೊಳ್ಳೋಕೆ ಬಂದವಳು...”

“ಅವತ್ತೂ ಇದನ್ನೇ ಅಂದೆ.”

ಪೇಪರ್ ಕೆಳಗಿಳಿಯಿತು. ನಾನೇ ಕೇಳಿದೆ — “ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ?”

“ಮರುವರ್ಷ ನನ್ನ ಹೆಸರೇ ಇಟ್ಟು ಅಚ್ಚು ಮಾಡಿಸ್ಕೊಂಡು ಬಂದ. ಎಷ್ಟು ಖುಷಿಯಾಗಿದ್ದ ಗೊತ್ತಾ? ನಂಗೂ ಇಷ್ಟವಾಗಿತ್ತು ಕಣೇ. ಕಳ್ಕೊಳ್ಳೋಕೆ ಮನಸ್ಸಾಗಲಿಲ್ಲ.” ಕಣ್ಣು ಒರೆಸಿಕೊಂಡರು. “ಈಗ ಕಳಿಸು ನಿನ್ನ ಲೇಖನ.”

16 ಜೂನ್, ಬೆಳಿಗ್ಗೆ 11

ನಿನ್ನೆ ಪ್ರೊಫೆಸರ್ ಬರಲಿಲ್ಲ. ಲಕೋಟೆಗೆ ವಿಳಾಸ ಬರೆದಿಟ್ಟೆ.

ಇಂದು ಹತ್ತಕ್ಕೆ ಬಂದರು. ಕೋಟು ಕೂಡ ತೆಗೆಯದೆ “ಕೊಡಿ” ಅಂದರು. ನಾಲ್ಕೂ ಪುಟ ಓದಿದರು. ಒಂದು ಇಸವಿ ತಿದ್ದಿದರು. ಕೊನೆಯಲ್ಲಿ ಪೆನ್ಸಿಲಿನಲ್ಲಿ ಸೇರಿಸಿದರು: ‘ಇವೆರಡೂ ಒಂದೇ ಪ್ರಭೇದವೆಂದು 1927ರಲ್ಲೇ ಕಂಡವರು ಶ್ರೀಮತಿ ಅಲೈಡಾ ವೀರ್ಸ್ಮಾ. ಸೀಬ್ರೆನ್ ವೀರ್ಸ್ಮಾ ಕಿವಿಗೊಡಲಿಲ್ಲ.’

“ಕೊನೇ ವಾಕ್ಯ ಬೇಕಾ?” ಎಂದೆ.

“ಅದೂ ಇರಲಿ. ಆದ್ರೆ ತಡೀರಿ. ಅವಳನ್ನ ಕೇಳದೆ ಅವಳ ಹೆಸರು ಹಾಕೋದು ಇನ್ನೊಂದು ಸಲ ಬೇಡ.”

ಫೋನ್ ಎತ್ತಿದ್ದಾರೆ. “ಅಲೈಡಾ...” ಅಂದರು. ನಾನು ಹೊರಗೆ ಹೋಗಬೇಕೇನೋ. ಸುಮ್ಮನೆ ಇದನ್ನು ಬರೆಯುತ್ತ ಕೂತಿದ್ದೇನೆ.

“ಅವತ್ತು ನೀನು ಏನೇನು ಕಂಡೆ, ಮೊದಲಿಂದ ಹೇಳು. ಬರ್ಕೋತೀನಿ.”

ಕಾಗದಕ್ಕೆ ಮೇಜೆಲ್ಲ ತಡಕಾಡುತ್ತಿದ್ದಾರೆ. ನನ್ನ ಕಡೆ ಕೈ ಚಾಚಿದರು. ಈ ಡೈರಿಯದೇ ಹಾಳೆ ಹರಿದು ಕೊ—