ನಾಲ್ಕನೇ ಶೆಡ್ಡಿಗೆ ಮಷೀನು

ಕಾರ್ ವಾಷಿನ ಕ್ಯಾಬಿನ್ನಿನಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ರೀ, ಹೇಗಿದ್ದೀರಿ? ಭುಜದ ನೋವು ಕಡಿಮೆಯಾಯಿತೇ? ಕೊರಳಿಗೆ ಕಟ್ಟಿದ ಜೋಲಿಯಿಂದ ಕೈ ತೆಗೆದು ಮೊಮ್ಮಗಳನ್ನು ಎತ್ತಿಕೊಳ್ಳುತ್ತೀರಂತೆ. ಮಗಳು ಎಲ್ಲ ಹೇಳಿದಳು. ಅವಳನ್ನು ಬೈಯಬೇಡಿ, ಬಾಯಿ ಬಿಡಿಸಿದವಳು ನಾನು. ಆ ಮಗ್ಗುಲಿಗೆ ಮಲಗಬೇಡಿ, ಮಾತ್ರೆಯನ್ನು ಊಟ ಆದ ಮೇಲೇ ತೆಗೆದುಕೊಳ್ಳಿ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅದು ಹಳೆಯ ಕಥೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮಷೀನು ಅನ್ನುವ ಮಾತು ನನ್ನ ಬಾಯಿಂದ ಬಂದ ತಕ್ಷಣ ನೀವು "ಹಲೋ, ಹಲೋ, ಕೇಳಿಸ್ತಾ ಇಲ್ಲ" ಎಂದು ಇಟ್ಟುಬಿಡುತ್ತೀರಿ. ಮೂರು ಸಲ ಹೀಗೆ ಮಾಡಿದಿರಿ. ಕಾಗದಕ್ಕೆ ಆ ಆಟ ನಡೆಯುವುದಿಲ್ಲ. ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಮೂಲೆಯ ನಾಲ್ಕನೇ ಶೆಡ್ಡಿಗೆ ಗಾಡಿಯನ್ನು ತಾನೇ ತೊಳೆಯುವ ಮಷೀನು ಹಾಕಿಸುವುದೆಂದು ತೀರ್ಮಾನ ಮಾಡಿದ್ದೇನೆ. ಉಳಿದ ಮೂರು ಶೆಡ್ಡು ಈಗ ಹೇಗಿವೆಯೋ ಹಾಗೇ ಇರುತ್ತವೆ. ಟೋಕನ್ ಹಾಕುವುದು, ನೀರು ಹೊಡೆಯುವ ಗನ್ನು ಹಿಡಿಯುವುದು, ನೊರೆ ಬ್ರಷ್ಷು, ಯಾವುದನ್ನೂ ಮುಟ್ಟುವುದಿಲ್ಲ. ನಿಮ್ಮ ಮುಖ ಈಗ ಹೇಗೆ ಕೆಂಪಾಗಿರುತ್ತದೆ ಎಂದು ಇಲ್ಲಿಂದಲೇ ಕಾಣಿಸುತ್ತಿದೆ. "ನಮ್ದು ಸೆಲ್ಫ್ ಸರ್ವಿಸು ಕಣೇ. ಅವರವರ ಗಾಡಿ ಅವರವರೇ ತೊಳ್ಕೊಳ್ಳೋ ಜಾಗ. ಅದಕ್ಯಾಕೆ ಮಷೀನು?" ಎಂದು ನೀವು ಹೇಳುವ ಮಾತು ನನಗೆ ಬಾಯಿಪಾಠವಾಗಿದೆ. ಈಗ ನನ್ನ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿ. ಹತ್ತೊಂಬತ್ತು ವರ್ಷದಲ್ಲಿ ಇಲ್ಲಿ ಯಾರು ತಮ್ಮ ಗಾಡಿ ತಾವು ತೊಳೆದುಕೊಂಡಿದ್ದಾರೆ?

ನಾನು ಈ ಕ್ಯಾಬಿನ್ನಿನ ಗಾಜಿನ ಹಿಂದೆ ಕೂತು ನೋಡಿದವಳಲ್ಲವೇ. ಯಾರೋ ಬಂದು ಗನ್ನು ಎತ್ತುತ್ತಾರೆ. ನೀವು ಟೀ ಲೋಟ ಹಿಡಿದುಕೊಂಡು ಸುಮ್ಮನೆ ನೋಡುತ್ತೀರಿ, ಎರಡು ನಿಮಿಷ. ಅವರು ಬಾಗಿಲಿನಿಂದ ಶುರು ಮಾಡಿದರೆ ನಿಮಗೆ ಮೈ ಉರಿಯುತ್ತದೆ. "ಸ್ವಲ್ಪ ಕೊಡಿ ಇಲ್ಲಿ, ಮೇಲಿಂದ ಕೆಳಗೆ ಬರಬೇಕು" ಅನ್ನುತ್ತೀರಿ. ಅಲ್ಲಿಗೆ ಮುಗಿಯಿತು. ಲೋಟ ಅವರ ಕೈಗೆ, ಗನ್ನು ನಿಮ್ಮ ಕೈಗೆ. ಪೂರ್ತಿ ತೊಳೆದು, ಕೊನೆಗೆ ಅವರನ್ನೇ ಕರೆದು "ಇನ್ನೆಲ್ಲಾದ್ರೂ ಬಿಟ್ಟೋಗಿದ್ಯಾ, ತೋರ್ಸಿ" ಎಂದು ಬೇರೆ ಕೇಳುತ್ತೀರಿ! ಅವರು ಬೆರಳು ತೋರಿಸುತ್ತಾರೆ, ನೀವು ಬಗ್ಗಿ ಒರೆಸುತ್ತೀರಿ. ನೀವು ಮಗಳ ಮನೆಗೆ ಹೋದ ಮೊದಲ ವಾರ ಆಸ್ಪತ್ರೆಯ ನರ್ಸಮ್ಮ ಬಂದು ಟೋಕನ್ ಹಾಕಿ, ಗನ್ನು ಹಿಡಿದು, ಕ್ಯಾಬಿನ್ನಿನ ಕಡೆ ನೋಡುತ್ತ ನಿಂತುಬಿಟ್ಟಳು. ಟೋಕನ್ನಿನ ಗಡಿಯಾರ ಓಡುತ್ತಿದೆ, ನೀರು ಬರುತ್ತಿದೆ, ಅವಳು ನಿಂತೇ ಇದ್ದಾಳೆ. "ಯಜಮಾನ್ರು ಇಲ್ವಾ?" ಅಂದಳು. ಶಾಲೆಯ ವ್ಯಾನು ಓಡಿಸುವವನೂ ಅದನ್ನೇ ಕೇಳಿದ. ಗಿರಾಕಿಗಳನ್ನು ಹೀಗೆ ಮುದ್ದು ಮಾಡಿ ಕೆಡಿಸಿಟ್ಟಿದ್ದೀರಿ.

ಸರಿ, ನಾನೇ ಸೆರಗು ಸಿಕ್ಕಿಸಿಕೊಂಡು ಗನ್ನು ಹಿಡಿದೆ. ಹನ್ನೊಂದು ದಿನ ಹಿಡಿದೆ. ಅದು ಒದೆಯುವ ಒದೆತ ಎಂಥದ್ದು ಅಂತ ಆಗ ಗೊತ್ತಾಯಿತು. ಇಷ್ಟು ವರ್ಷ ಅದನ್ನು ಒಂದೇ ಭುಜದ ಮೇಲೆ ತಡೆದುಕೊಂಡು, ಮನೆಗೆ ಬಂದು ಏನೂ ಆಗದವರ ಹಾಗೆ ಉಂಡು ಮಲಗುತ್ತಿದ್ದಿರಿ. ನನಗೆ ಹನ್ನೊಂದನೇ ದಿನಕ್ಕೆ ಪಾತ್ರೆ ಹಿಡಿಯಲು ಆಗಲಿಲ್ಲ.

ಅದಕ್ಕೇ ಗುರುವಾರ ನಿಮ್ಮ ಡಾಕ್ಟರ ಹತ್ತಿರ ಹೋದೆ. ಹೋದದ್ದು ನನ್ನ ಮಣಿಕಟ್ಟು ತೋರಿಸಲು. ಅವರು ಕೇಳಿದ್ದು ನಿಮ್ಮ ಭುಜದ ವಿಷಯ. ನೀವು ನನಗೆ ಹೇಳಿದ್ದು "ಸಣ್ಣ ಆಪರೇಷನ್ನು ಅಷ್ಟೇ, ಒಂದೆರಡು ತಿಂಗಳಲ್ಲಿ ಮೊದಲಿನ ಹಾಗೇ" ಎಂದು. ಅವರು ಹೇಳಿದ್ದು ಬೇರೆ. "ಹಗ್ಗ ಸವೆದ ಹಾಗೆ ಸವೆದಿದೆಯಮ್ಮ. ಹೊಲಿದಿದೀವಿ. ಇನ್ನೊಂದು ವರ್ಷ ಆ ಪೈಪು ಹಿಡಿದ್ರೆ ತಲೆ ಬಾಚ್ಕೊಳ್ಳೋಕೂ ಕೈ ಮೇಲೇಳಲ್ಲ. ಅವರಿಗೆ ಆವತ್ತೇ ಹೇಳಿದೀನಲ್ಲ, ನಿಮಗೆ ಹೇಳಿಲ್ವಾ?" ಅಂದರು. ನನಗೆ ಹೇಗಾಗಿರಬೇಕು ಹೇಳಿ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಗಸು ಗಂಡನ ಭುಜದ ಸುದ್ದಿಯನ್ನು ಊರವರ ಬಾಯಿಂದ ಕೇಳಬೇಕೇ? ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ. ಆಮೇಲೆ ಕೋಪ ಬಂತು. ಆ ಕೋಪ ಇನ್ನೂ ಇಳಿದಿಲ್ಲ, ಇಳಿಯುವ ಮೊದಲೇ ಕೆಲಸ ಮುಗಿಸಬೇಕೆಂದು ಹೊರಟಿದ್ದೇನೆ.

ಶನಿವಾರ ಪಕ್ಕದ ಊರಿನಲ್ಲಿ ಅಂಥ ಮಷೀನು ಇರುವ ಕಡೆ ಹೋಗಿ ಕಣ್ಣಾರೆ ನೋಡಿ ಬಂದೆ. ನಮ್ಮ ಭಾನುವಾರದ ಗಿರಾಕಿ, ರಿಟೈರಾದ ಹೆಡ್‌ಮೇಷ್ಟ್ರು, ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಗಾಡಿ ನಿಂತಲ್ಲೇ ನಿಂತಿರುತ್ತದೆ ರೀ, ಮಷೀನೇ ಕಂಬಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಮೊದಲು ನೊರೆ, ಆಮೇಲೆ ಆಳೆತ್ತರದ ಬ್ರಷ್ಷುಗಳು ಗಿರಗಿರ ತಿರುಗುತ್ತ ಬರುತ್ತವೆ. ನಾವಿಬ್ಬರೂ ಒಳಗೇ ಕೂತಿದ್ದೆವು. ಮೇಷ್ಟ್ರು ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು, ಎಷ್ಟೆಂದರೂ ಜೀವಮಾನವೆಲ್ಲ ತಪ್ಪು ಹುಡುಕಿದವರು. ಇದ್ದಕ್ಕಿದ್ದಂತೆ ಬಾಗಿಲು ತೆಗೆದು, ಕೈ ಹೊರಗೆ ಹಾಕಿ, "ಅಲ್ಲಿ, ಅಲ್ಲಿ, ಹಿಂದಿನ ಚಕ್ರದ ಮೇಲೆ ಬಿಟ್ಟೋಯ್ತು!" ಎಂದು ಮಷೀನಿಗೆ ಬೆರಳು ತೋರಿಸಿದರು! ಅದೇನು ನೀವೇ, ಬಗ್ಗಿ ಒರೆಸಲು? ಒಂದು ಬಿಂದಿಗೆ ಸೋಪಿನ ನೀರು ನಮ್ಮಿಬ್ಬರ ಮೈಮೇಲೆ ಬಂತು. ಮಷೀನು ಕುಂಯ್ ಎಂದು ಕೂಗಿ ನಿಂತುಬಿಟ್ಟಿತು. ಅಲ್ಲಿಯ ಮೆಕ್ಯಾನಿಕ್ ಓಡಿ ಬಂದು, "ಏನ್ ಸಾರ್ ಇದು, ಇಷ್ಟು ವರ್ಷದಲ್ಲಿ ಮಧ್ಯದಲ್ಲಿ ಬಾಗಿಲು ತೆಗೆದವರನ್ನ ನೋಡೇ ಇಲ್ಲ" ಅಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನೀವು ಹೋದ ಮೇಲೆ ಮೊದಲ ಸಲ ಅಷ್ಟು ನಕ್ಕದ್ದು.

ಆದರೆ ಒಂದು ವಿಷಯ ಆಗಲೇ ಹೊಳೆಯಿತು. ನಮ್ಮ ಗಿರಾಕಿಗಳೆಲ್ಲ ಇದನ್ನೇ ಮಾಡುತ್ತಾರೆ, ಒಬ್ಬರೂ ಬಿಡುವುದಿಲ್ಲ. ಹಾಗಾಗಿ ಮಷೀನಿನ ಬಾಯಲ್ಲಿ ಒಬ್ಬ ಮನುಷ್ಯ ಬೇಕೇ ಬೇಕು. ಕಿಟಕಿ ಏರಿಸಿದ್ದಾರೆಯೇ, ಏರಿಯಲ್ ಮಡಚಿದ್ದಾರೆಯೇ, ಚಕ್ರ ಗೆರೆಯೊಳಗೆ ನಿಂತಿದೆಯೇ ಎಂದು ನೋಡಬೇಕು. ಬಾಗಿಲು ಮುಟ್ಟಿದರೆ ಜೋರು ಮಾಡಬೇಕು. ಹೊರಗೆ ಬಂದ ಮೇಲೆ ಎಲ್ಲಿ ಬಿಟ್ಟುಹೋಗಿದೆ ಎಂದು ತೋರಿಸಿ, ಬಟ್ಟೆಯನ್ನು ಅವರ ಕೈಗೇ ಕೊಡಬೇಕು. ಈ ಕೆಲಸಕ್ಕೆ ಭುಜ ಬೇಡ. ಕಣ್ಣು ಬೇಕು, ಬಾಯಿ ಬೇಕು. ಎರಡೂ ನಿಮ್ಮ ಹತ್ತಿರ ಬೇಕಾದಷ್ಟಿವೆ. ಮಷೀನು ಬಂದರೆ ನಿಮ್ಮನ್ನು ಮೂಲೆಗೆ ತಳ್ಳಿದ ಹಾಗೆ ಅಂತ ನಿಮ್ಮ ಹೊಟ್ಟೆಯಲ್ಲಿರುವ ಸಂಕಟ ನನಗೆ ಗೊತ್ತು. ಬಾಯಿ ಬಿಟ್ಟು ಹೇಳದಿದ್ದರೂ ಗೊತ್ತು. ಜನ ಬರುವುದು ನಿಮ್ಮನ್ನು ನೋಡಿ, ನೀರನ್ನು ನೋಡಿ ಅಲ್ಲ. ಮಷೀನು ಬಂದರೂ ನಿಮ್ಮನ್ನು ಕೇಳಿಕೊಂಡೇ ಬರುತ್ತಾರೆ, ಬೇಕಾದರೆ ಬರೆದು ಕೊಡುತ್ತೇನೆ. ಅಯ್ಯೋ, ಬರೆದೇ ಕೊಟ್ಟ ಹಾಗಾಯಿತಲ್ಲ!

ಒಂದೇ ತೊಡಕು, ಎತ್ತರ. ನೀವು ಶೆಡ್ಡು ಕಟ್ಟಿಸುವಾಗ ನಿಮ್ಮ ಕೈ ಎಟುಕುವ ಅಳತೆಗೆ ತಗಡು ಹೊಡೆಸಿದ್ದೀರಿ. ಮಷೀನಿಗೆ ಇನ್ನೂ ಎರಡಡಿ ಬೇಕು. ನಾನು ಕರೆಸಿದ ವೆಲ್ಡರ್ ಏಣಿ ಹತ್ತಿ ಅಳೆದು ನೋಡಿದ. "ಕಂಬ ಗಟ್ಟಿಯಾಗಿದೆ ಅಕ್ಕ, ಮೇಲೆ ಜೋಡಿಸ್ಬಹುದು, ಯಜಮಾನ್ರು ಒಳ್ಳೇ ಕಬ್ಬಿಣ ಹಾಕ್ಸಿದಾರೆ" ಎಂದ. ಕೇಳಿ ಹೆಮ್ಮೆಯಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳಿ. ಮಗಳು ಸರಿಯಾಗಿ ಊಟ ಮಾಡುತ್ತಿದ್ದಾಳೋ ನೋಡಿಕೊಳ್ಳಿ. ಮೊಮ್ಮಗಳಿಗೆ ನನ್ನ ಮುತ್ತು, ನೀವು ಬಗ್ಗಿಯೇ ಕೊಡಿ, ಎತ್ತಿಕೊಂಡು ಅಲ್ಲ. ನಿಮಗೆ ಒಳ್ಳೆಯದಾಗಲಿ, ಬೇಗ ಗುಣವಾಗಿ.

ಇಂತಿ ನಿಮ್ಮ,
ಕೋಪ ಬಂದಾಗ ನೀವು ಕರೆಯುವ ಹೆಸರಿನವಳು,
ಜಗಮೊಂಡಿ

ವಿ.ಸೂ.: ಅಂಚೆಗೆ ಹಾಕುತ್ತೇನೆಂದು ವೆಲ್ಡರ್ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಲಕೋಟೆಯೊಳಗೆ ಇನ್ನೊಂದು ಹಾಳೆ ಇದೆ, ಎಸೆದುಬಿಡಬೇಡಿ. ಜಾಗ ನಿಮ್ಮ ಹೆಸರಿನಲ್ಲಿರುವುದರಿಂದ ನಿಮ್ಮ ಸಹಿ ಇಲ್ಲದೆ ಮಷೀನಿನವರು ಒಂದು ಮೊಳೆಯನ್ನೂ ಹೊಡೆಯುವುದಿಲ್ಲವಂತೆ. ಇಷ್ಟುದ್ದ ಜೋರು ಮಾಡಿದೆನಲ್ಲ, ನಿಜ ಇಷ್ಟೇ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ ಕಡೆ ಸಹಿ ಹಾಕಿ. ಎಡಗೈಯಲ್ಲಿ ಹಾಕಿದರೂ ನಡೆಯುತ್ತದೆ, ವಿಚಾರಿಸಿದ್ದೇನೆ. ಮನಸ್ಸಿಲ್ಲದಿದ್ದರೆ ಹಾಳೆಯನ್ನು ಹಾಗೇ ವಾಪಸು ಕಳಿಸಿ, ನಾನು ಜಗಳಕ್ಕೆ ಬರುವುದಿಲ್ಲ. ಅದು ನನ್ನ ಕೈಗೆ ಸಿಕ್ಕ ದಿನವೇ ನೀರು ನಿಲ್ಲಿಸಿ, ನಾಲ್ಕೂ ಶೆಡ್ಡಿಗೆ ಸರಪಳಿ ಎಳೆದು, ಬೀಗ ಹಾಕಿ ನಿಮ್ಮ ಹತ್ತಿರ ಬಂದುಬಿಡುತ್ತೇನೆ. ಈ ವಾಷು ಇಲ್ಲದೆ ನಾನು ಇರಬಲ್ಲೆ ರೀ. ನಿಮ್ಮ ಕೈಗೆ ಇನ್ನೊಂದು ಸಲ ಆ ಗನ್ನು ಕೊಟ್ಟು ನೋಡುತ್ತ ಕೂರಲಾರೆ.